ನೋವು ಕಿವಿಯಲ್ಲಿ, ತೊಂದರೆ ಗಂಟಲಲ್ಲಿ

ನವೆಂಬರ್ 14, 2024, ಗುರುವಾರ

ಇವತ್ತು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಕತ್ತಿನ ಸರದಿ. ಇಡೀ ಗಂಟಲಿಗೆ ಒಂದೇ ನರ ಇದ್ದಿದ್ದರೆ ಓದೋದು ಎಷ್ಟು ಸುಲಭ ಆಗುತ್ತಿತ್ತು, ಅಲ್ವಾ? ಮೂಗಿನ ಹಿಂದಿನ ಮೇಲ್ಭಾಗಕ್ಕೆ ಮ್ಯಾಕ್ಸಿಲರಿ (ಮೇಲ್ದವಡೆಯ) ನರದ ಒಂದು ಕವಲು. ಬಾಯಿ ತೆರೆದಾಗ ಕಾಣುವ ಹಿಂಗೋಡೆ, ಟಾನ್ಸಿಲ್, ನಾಲಿಗೆಯ ಹಿಂದಿನ ಮೂರನೇ ಒಂದು ಭಾಗ, ಇವೆಲ್ಲ ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ 9ನೆಯದಾದ ಗ್ಲಾಸೋಫ್ಯಾರಿಂಜಿಯಲ್‌ನ ಪಾಲು. ಅದರ ಕೆಳಗೆ 10ನೆಯದು, ವೇಗಸ್. ಪುಸ್ತಕದಲ್ಲಿ ಒಂದೊಂದಕ್ಕೂ ಬೇರೆ ಬಣ್ಣ ಬಳಿದಿರುತ್ತಾರೆ. ದೇಹದಲ್ಲಿ ಅಂಥ ಗಡಿ ಇಲ್ಲ, ಒಂದರ ಜಾಗಕ್ಕೆ ಇನ್ನೊಂದು ನುಗ್ಗಿರುತ್ತದೆ.

ಜಾಸ್ತಿ ಹೊತ್ತು ಕೂತಿದ್ದು ಇಂಟರ್ನಲ್ ಲ್ಯಾರಿಂಜಿಯಲ್ ನರದ ಮುಂದೆ. ಇದು ವೇಗಸ್‌ನದ್ದೇ ಕವಲಿನ ಕವಲು. ನಾಲಿಗೆಯ ಬುಡದ ಹಯಾಯ್ಡ್ ಮೂಳೆಗೂ ಧ್ವನಿಪೆಟ್ಟಿಗೆಯ ಮುಂಭಾಗದ ಥೈರಾಯ್ಡ್ ಕಾರ್ಟಿಲೇಜ್‌ಗೂ ನಡುವೆ ಒಂದು ಪೊರೆ ಇದೆ. ಅಲ್ಲಿನ ಕೊಬ್ಬನ್ನು ಫೋರ್ಸೆಪ್ಸ್‌ನಿಂದ ಮೆಲ್ಲಗೆ ಬಿಡಿಸುತ್ತಾ ಹೋದರೆ ಬಿಳಿ ದಾರದಂಥದ್ದೊಂದು ಸಿಗುತ್ತದೆ. ಪಕ್ಕದಲ್ಲೇ ಒಂದು ಸಣ್ಣ ರಕ್ತನಾಳ. ಎರಡೂ ಜೊತೆಯಾಗಿ ಪೊರೆಯನ್ನು ತೂರಿ ಒಳಗೆ ಹೋಗುತ್ತವೆ. ಧ್ವನಿಪೆಟ್ಟಿಗೆಯ ಮುಚ್ಚಳ ಎಪಿಗ್ಲಾಟಿಸ್‌ನಿಂದ ಧ್ವನಿತಂತುಗಳವರೆಗೆ ಒಳಪದರದ ಸ್ಪರ್ಶವೆಲ್ಲ ಈ ನರದ್ದೇ. ನೀರು ನೆತ್ತಿಗೆ ಹತ್ತಿದಾಗ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದಲ್ಲ, ಮೊದಲು ಸುದ್ದಿ ಮುಟ್ಟಿಸುವುದು ಇದು. ನೆತ್ತಿಗೂ ಅದಕ್ಕೂ ಸಂಬಂಧವೇ ಇಲ್ಲ!

ಧ್ವನಿತಂತುಗಳ ಕೆಳಗೆ ರಿಕರೆಂಟ್ ಲ್ಯಾರಿಂಜಿಯಲ್ ನರ. ಎಡಗಡೆಯದು ಎದೆಗೂಡಿಗೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿಕೊಂಡು ಮತ್ತೆ ಮೇಲಕ್ಕೆ ಬರುತ್ತದೆ. ಸುಮ್ನೆ ಅಷ್ಟು ದೂರ ಯಾಕೆ ಅನ್ನಿಸುತ್ತದೆ, ಆದರೆ ಭ್ರೂಣದಲ್ಲಿ ಹೃದಯ ಕತ್ತಿನ ಹತ್ತಿರವೇ ಇತ್ತು. ಅದು ಕೆಳಗಿಳಿದಾಗ ನರವನ್ನೂ ಎಳೆದುಕೊಂಡು ಹೋಯಿತು.

ವಾಕರಿಕೆಯ ಪರೀಕ್ಷೆಯ ಬಗ್ಗೆಯೂ ಮೇಡಂ ಹೇಳಿದರು. ಗಂಟಲ ಹಿಂಭಾಗ ಮುಟ್ಟಿದ್ದು ತಿಳಿಯುವುದು 9ರಿಂದ, ಸ್ನಾಯು ಬಿಗಿಯುವುದು ಮುಖ್ಯವಾಗಿ 10ರಿಂದ. ಆರೋಗ್ಯವಂತರಲ್ಲೂ ಕೆಲವರಿಗೆ ವಾಕರಿಕೆ ಬರುವುದೇ ಇಲ್ಲವಂತೆ.

ನನಗೆ ತಲೆಯಲ್ಲಿ ಉಳಿದದ್ದು ಕಿವಿಯ ವಿಷಯ. 9ನೇ ನರದ ಒಂದು ಎಳೆ ಮಧ್ಯಕಿವಿಗೂ ಹೋಗುತ್ತದೆ. ಅದಕ್ಕೇ ಟಾನ್ಸಿಲ್ ಊದಿದವರು ಕಿವಿ ಹಿಡಿದುಕೊಂಡು ಬರುತ್ತಾರೆ. ವೇಗಸ್‌ನ ಎಳೆಯೊಂದು ಕಿವಿಯ ಹೊರನಾಳಕ್ಕೆ ಹೋಗುತ್ತದೆ, ಹಾಗಾಗಿ ಕಿವಿಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು. ಗಂಟಲು, ಕಿವಿ ಎರಡೂ ಕಡೆಯ ಸುದ್ದಿ ಒಂದೇ ದಾರಿಯಲ್ಲಿ ಬಂದರೆ ಮಿದುಳಿಗೆ ಗೊಂದಲ ಆಗದೆ ಇರುತ್ತದಾ? ದೊಡ್ಡವರಿಗೆ ಒಂದೇ ಕಿವಿ ಬಿಡದೆ ನೋಯುತ್ತಿದ್ದು, ಕಿವಿ ನೋಡಿದರೆ ಏನೂ ಇಲ್ಲದಿದ್ದರೆ, ಇಎನ್‌ಟಿ ಡಾಕ್ಟರ್ ಗಂಟಲಿಗೆ ಸ್ಕೋಪ್ ಹಾಕಿ ನೋಡುತ್ತಾರೆ. ಅಲ್ಲಿನ ಗಡ್ಡೆ ಕೆಲವೊಮ್ಮೆ ಮೊದಲು ಕಿವಿನೋವಾಗಿಯೇ ಕಾಣಿಸಿಕೊಳ್ಳುತ್ತದೆ.