ಎಷ್ಟು ಜಿಎಸ್‌ಎಂ ಕಾಗದ ತರಲಿ?

"ಅಕ್ಕಾ, ಹೆಲ್ಮೆಟ್ ಮಾಡ್ಲಿಕ್ಕೆ ಎಷ್ಟು ಜಿಎಸ್‌ಎಂ ಕಾಗದ ತರ್ಲಿ?" ಶಾಲೆಗಳಲ್ಲಿ ಗ್ಯಾದರಿಂಗ್ (ವಾರ್ಷಿಕೋತ್ಸವ) ಹತ್ತಿರ ಬಂದಾಗ, ವೇಷ ಹಾಕಿಕೊಂಡು ಹೋಗುವ ಕಾಮಿಕ್ ಕಾನ್ ಮೇಳದ ತಾರೀಖು ಗೊತ್ತಾದಾಗ, ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಮನೆಗಳ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ರೋಬೋಟಿನದೋ ಬಾಹ್ಯಾಕಾಶದ ಯೋಧನದೋ, ಇಡೀ ತಲೆ ಮುಚ್ಚುವ ಶಿರಸ್ತ್ರಾಣ ಅವರಿಗೆ ಬೇಕು. ಕಂಪ್ಯೂಟರಿನಲ್ಲಿರುವ ಮಾದರಿಯನ್ನು ಎ4 ಹಾಳೆಗಳ ಮೇಲೆ ಚಪ್ಪಟೆಯಾಗಿ ಬಿಡಿಸಿ, ಮುದ್ರಿಸಿ, ಕತ್ತರಿಸಿ, ಮಡಚಿ, ಅಂಟಿಸುವ ಕೆಲಸ ಇದು. ಬಿಡಿಸಿಕೊಡುವುದಕ್ಕೆ ಜಪಾನಿನ ತಾಮಾ ಸಾಫ್ಟ್‌ವೇರ್‌ನವರ ಪೆಪಕುರಾ ಡಿಸೈನರ್ ಇದೆ; ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಬಳಸುವವರಿಗೆ ಅದಕ್ಕೆ ಸೇರಿಸಿಕೊಳ್ಳುವ ಉಚಿತ ಆಡ್-ಆನ್ ಉಂಟು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ; ಹೆಚ್ಚಾದಷ್ಟೂ ಕಾಗದ ದಪ್ಪ. ಉತ್ತರ ಸಣ್ಣದು: 180ರಿಂದ 220ರ ಒಳಗಿನದು. 200 ಸಿಕ್ಕರೆ ಅದನ್ನೇ ತನ್ನಿ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಕಾಗದದ ಅಂಗಡಿಗಳಲ್ಲಿ ಕಾರ್ಡ್ ಶೀಟ್ ಅಂತ ಕೇಳಿದರೆ ತೆಗೆದುಕೊಡುತ್ತಾರೆ. ಹೊಳಪಿನದು ಬೇಡ, ಅದಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಆದರೆ ಈ ಪ್ರಶ್ನೆಯ ಹಿಂದೆ ಒಂದು ಅಂಜಿಕೆ ಇರುತ್ತದೆ, ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ. ಕಾಗದ ತಾನೇ, ತಲೆ ಮೇಲೆ ನಿಲ್ಲುತ್ತದಾ? 300ರದ್ದು ತಂದರೆ ಗಟ್ಟಿಯಾಗಬಹುದಲ್ಲ? ಆಗುವುದಿಲ್ಲ. ದಪ್ಪ ಹಾಳೆಯನ್ನು ಮಡಚಿದರೆ ಮಡಿಕೆಯ ಹೊರಮೈ ಸೀಳುತ್ತದೆ. ಮೂಗಿನ ಬಳಿ, ಗಲ್ಲದ ಬಳಿ ಬರುವ ಬೆರಳುಗುರಿನಷ್ಟು ಸಣ್ಣ ತ್ರಿಕೋನಗಳು ಮಡಚುವುದೇ ಇಲ್ಲ. ಅಂಟು ಹಚ್ಚುವ ಅಂಚು ಇರುವಲ್ಲೆಲ್ಲ ದಪ್ಪ ಇಮ್ಮಡಿಯಾಗಿ, ಪ್ರತಿ ಕೂಡಿಕೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಸೇರುತ್ತಾ ಹೋಗಿ, ಕೊನೆಗೆ ಹಿಂದಲೆಯಲ್ಲಿ ಎರಡು ಅಂಚುಗಳು ಕೂಡದೆ ಉಳಿಯುತ್ತವೆ. ಮನೆಯ ಪ್ರಿಂಟರ್ ಅದನ್ನು ಎಳೆದುಕೊಳ್ಳುವುದೂ ಕಷ್ಟ. ಇನ್ನು ಆಫೀಸಿನ 75ರ ಕಾಗದ ಅಂಟಿನ ತೇವಕ್ಕೇ ಬಳುಕುತ್ತದೆ.

ಹಾಗಾದರೆ ಗಟ್ಟಿತನ ಎಲ್ಲಿಂದ? ಮೊದಲನೆಯದು ಆಕಾರದಿಂದ. ಊರಲ್ಲಿ ಮುತ್ತುಗದ ಎಲೆ ಹಾಗೇ ಹಿಡಿದರೆ ಜೋತುಬೀಳುತ್ತದೆ, ಅದೇ ಎಲೆ ದೊನ್ನೆಯಾದಾಗ ಬಿಸಿ ಪಾಯಸ ಹಿಡಿಯುತ್ತದೆ. ಹಾಳೆಯೂ ಹಾಗೆಯೇ, ತ್ರಿಕೋನ ತ್ರಿಕೋನವಾಗಿ ಮಡಚಿ ಸುತ್ತ ಮುಚ್ಚಿದ ಚಿಪ್ಪಾಗುವ ಹೊತ್ತಿಗೆ ಅದಕ್ಕೊಂದು ಬಿಗುವು ಬರುತ್ತದೆ. ಎರಡನೆಯದು ಒಳಗೆ ಹಾಕುವ ಪದರದಿಂದ. ಆ ಪದರ ಒಣಗಿ ಗಟ್ಟಿಯಾಗುವ ತನಕ ಆಕಾರ ಕೆಡದಂತೆ ಹಿಡಿದಿಡುವುದು ಕಾಗದದ ಕೆಲಸ, ಅಷ್ಟೆ. ಅಂದರೆ ಅದು ಅಚ್ಚು. ತೂಕವೂ ಏನಲ್ಲ: ಎ4 ಹಾಳೆ ಒಂದು ಚದರ ಮೀಟರಿನ 16ನೇ ಒಂದು ಭಾಗ, ಆದ್ದರಿಂದ 200 ಜಿಎಸ್‌ಎಂನ ಒಂದು ಹಾಳೆ ಹನ್ನೆರಡೂವರೆ ಗ್ರಾಂ. 20 ಹಾಳೆ ಬಳಸಿದರೂ ಕಾಲು ಕಿಲೋ, ಅದರಲ್ಲೂ ಕತ್ತರಿಸಿದ ಚೂರು ಕಸಕ್ಕೆ ಹೋಗುತ್ತದೆ.

ಇಷ್ಟೊಂದು ತ್ರಿಕೋನ ಯಾಕೆ, ದೊಡ್ಡ ದೊಡ್ಡ ತುಂಡು ಬರುವ ಹಾಗೆ ಮಾಡಬಾರದೇ ಅಂತ ಕೆಲವರು ಕೇಳುತ್ತಾರೆ. ಘನಾಕೃತಿಗಳನ್ನು ಹೀಗೆ ಚಪ್ಪಟೆಯಾಗಿ ಬಿಡಿಸಿ ತೋರಿಸುವ ಚಿತ್ರಗಳನ್ನು ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲೇ ಅಚ್ಚು ಹಾಕಿಸಿದ್ದ. ಆದರೆ ಚಪ್ಪಟೆ ಮುಖಗಳಿರುವ ಆಕೃತಿಯ ಮಾತು ಬೇರೆ, ತಲೆಬುರುಡೆಯಂಥ ಉರುಟಿನ ಮಾತು ಬೇರೆ. ಗೋಳದ ಮೈಯನ್ನು ಎಳೆಯದೆ, ಸುಕ್ಕು ಬೀಳಿಸದೆ ಚಪ್ಪಟೆ ಮಾಡಲಾಗದು ಅನ್ನುವುದು ಗಣಿತಜ್ಞ ಗೌಸ್ 1827ರಲ್ಲಿ ಸಾಧಿಸಿದ ಪ್ರಮೇಯದಿಂದ ಸಿದ್ಧವಾಗಿದೆ. ಕಾಗದ ಎಳೆದರೆ ಹಿಗ್ಗುವುದಿಲ್ಲ. ಆದ್ದರಿಂದ ಉರುಟನ್ನು ಚೂರು ಚೂರು ಚಪ್ಪಟೆಗಳಾಗಿ ಒಡೆಯಬೇಕು. ಚೂರು ಸಣ್ಣದಾದಷ್ಟೂ ನುಣುಪು ಹೆಚ್ಚು, ದುಡಿತವೂ ಹೆಚ್ಚು. ಮೊದಲ ಸಲ ಮಾಡುವವರು ಮೂಲೆಮೂಲೆಯಾಗಿರುವ, ಚಪ್ಪಟೆ ಕೆನ್ನೆಯ ಮಾದರಿಯನ್ನೇ ಆರಿಸಿಕೊಳ್ಳಿ. ಉರುಟು ತಲೆಯದು ಎರಡನೆಯದಕ್ಕಿರಲಿ.

ಈಗ ಯಾರೂ ಕೇಳದ, ಆದರೆ ಎಲ್ಲರೂ ಕೇಳಬೇಕಾದ ಪ್ರಶ್ನೆ: ನಿಮ್ಮ ತಲೆ ಎಷ್ಟು ದೊಡ್ಡದು? ಕಾಗದ ತಪ್ಪಾದರೆ ಇಪ್ಪತ್ತು ಹಾಳೆ ಹೋಯಿತು, ಅಷ್ಟೇ. ಅಳತೆ ತಪ್ಪಾದರೆ ಎಲ್ಲ ಮುಗಿದ ಮೇಲೆ ತಿಳಿಯುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತು, ತಲೆಯ ಎರಡು ಪಕ್ಕಕ್ಕೂ ಒಂದೊಂದು ದಪ್ಪ ಪುಸ್ತಕ ಹಿಡಿಸಿ, ನಡುವಿನ ಅಂತರ ಅಳೆಯಿರಿ. ಹಾಗೆಯೇ ಹಣೆಯಿಂದ ಹಿಂದಲೆಗೆ, ಗಲ್ಲದಿಂದ ನೆತ್ತಿಗೆ. ಕನ್ನಡಕ ಹಾಕುವವರು ಹಾಕಿಕೊಂಡೇ ಅಳೆಯಬೇಕು. ಜಡೆ, ತುರುಬು ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಗಲ 16 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಒಳಪದರಕ್ಕೂ ಸ್ಪಂಜಿಗೂ ಒಂದೊಂದು ಪಕ್ಕಕ್ಕೆ ಒಂದೂವರೆ ಸೇರಿಸಿದರೆ ಒಳಗಿನ ಅಗಲ 19 ಬೇಕು.

ಇಲ್ಲಿ ಎಡವುವ ಜಾಗ ಒಂದಿದೆ. ಪರದೆಯ ಮೇಲೆ ತೋರಿಸುವ ಅಗಲ ಇಡೀ ಮಾದರಿಯದು. ಕಿವಿಯ ಮೇಲಿನ ಬಿಲ್ಲೆ, ಕೊಂಬು, ಆಂಟೆನಾ ಎಲ್ಲ ಅದರಲ್ಲಿ ಸೇರಿರುತ್ತವೆ. ಅಲ್ಲಿ 19 ಅಂತ ತುಂಬಿಸಿದರೆ ನಿಜವಾಗಿ ತಲೆಗೆ ಸಿಗುವುದು ಹದಿನಾಲ್ಕೋ ಹದಿನೈದೋ. ಕಪಾಲದ ಎರಡು ಬದಿಯ ನಡುವಿನ ಅಂತರವನ್ನು ಮಾದರಿಯ ಮೇಲೆಯೇ ಅಳೆದು, ಅದು 19 ಆಗುವಂತೆ ಇಡೀ ಮಾದರಿಯನ್ನು ಹಿಗ್ಗಿಸಬೇಕು. ಆಮೇಲೆ ಕತ್ತಿನ ಬಾಯಿ ನೋಡಿ. ತಲೆ ಒಳಗೆ ಕೂರುವುದು ಒಂದು, ಒಳಗೆ ಹೋಗುವುದು ಇನ್ನೊಂದು. ಕೆಳಗಿನ ಬಾಯಿ ಕಿರಿದಾಗಿದ್ದರೆ, ಹಿಂದಲೆಯ ಭಾಗವನ್ನು ಬೇರೆಯಾಗಿ ಮಾಡಿ ಮೇಲ್ಗಡೆ ಬಟ್ಟೆಯ ಕೀಲು, ಕೆಳಗಡೆ ಸಣ್ಣ ಅಯಸ್ಕಾಂತ ಇಡುವ ಯೋಜನೆಯನ್ನು ಈಗಲೇ ಹಾಕಿಕೊಳ್ಳಿ. ಎಲ್ಲ ಗಟ್ಟಿಯಾದ ಮೇಲೆ ಕೊಯ್ಯುವುದು ನರಕ.

ಮುದ್ರಣಕ್ಕೆ ಝೆರಾಕ್ಸ್ ಅಂಗಡಿಗೆ ಹೋದಾಗ ಒಂದು ಮಾತು ಬಿಡದೆ ಹೇಳಿ: "ಫಿಟ್ ಟು ಪೇಜ್ ಬೇಡ, ನೂರಕ್ಕೆ ನೂರು." ಪುಟಕ್ಕೆ ಹೊಂದಿಸಿ ಮುದ್ರಿಸಿದರೆ ಎಲ್ಲ ಹಾಳೆಗಳೂ ತುಸು ಕುಗ್ಗುತ್ತವೆ, ತಲೆ ಮಾತ್ರ ಕುಗ್ಗುವುದಿಲ್ಲ. ಮೊದಲ ಹಾಳೆಯ ಮೂಲೆಯಲ್ಲಿ 10 ಸೆಂಟಿಮೀಟರಿನ ಒಂದು ಗೆರೆ ಇಟ್ಟುಕೊಂಡಿದ್ದು, ಅಂಗಡಿಯಲ್ಲೇ ಸ್ಕೇಲ್ ಹಚ್ಚಿ ನೋಡಿ, ಆಮೇಲೆ ಉಳಿದದ್ದನ್ನು ಮುದ್ರಿಸಲು ಹೇಳಿ. ಇನ್ನೂ ಅನುಮಾನವಿದ್ದರೆ ಹಣೆಯ ಸುತ್ತ ಬರುವ ತುಂಡುಗಳನ್ನಷ್ಟೇ ಅಗ್ಗದ ಕಾಗದದಲ್ಲಿ ಜೋಡಿಸಿ ತಲೆಗಿಟ್ಟು ನೋಡಬಹುದು.

ಕತ್ತರಿಸುವುದರ ಬಗ್ಗೆ ಹೆಚ್ಚು ಹೇಳಲಾರೆ. ಹೊಸ ಬ್ಲೇಡು, ಸ್ಟೀಲಿನ ಸ್ಕೇಲು, ಒಳ್ಳೆ ಬೆಳಕು. ಮಡಚುವ ಮೊದಲು ಮಾತ್ರ ಪ್ರತಿ ಗೆರೆಯ ಮೇಲೂ ಖಾಲಿ ರೀಫಿಲ್ಲಿನ ಪೆನ್ನಿನಿಂದ ಒತ್ತಿ ಗೀರು ಹಾಕಿ. ಗೀರಿಲ್ಲದ ಮಡಿಕೆ ತನಗೆ ತೋಚಿದಲ್ಲಿ ಬಾಗುತ್ತದೆ. ಮಡಿಕೆ ಎರಡು ಬಗೆ: ಹೊರಕ್ಕೆ ಉಬ್ಬುವುದು, ಒಳಕ್ಕೆ ತಗ್ಗುವುದು. ಎರಡಕ್ಕೂ ಬೇರೆ ಬೇರೆ ಚುಕ್ಕೆಗೆರೆ ಇರುತ್ತದೆ. ಯಾವುದು ಯಾವುದೆಂದು ಮೊದಲೇ ನೋಡಿಟ್ಟುಕೊಳ್ಳಿ. ಅಂಟಿಸುವಾಗ ಒಂದೇ ಅಂಕೆಯಿರುವ ಎರಡು ಅಂಚು ಒಂದಕ್ಕೊಂದು ಕೂಡುತ್ತವೆ. ಫೆವಿಕಾಲನ್ನು ಬೆರಳಲ್ಲಿ ತೆಳ್ಳಗೆ ಸವರಿ, ಬಟ್ಟೆ ಕ್ಲಿಪ್ ಹಾಕಿ ಬಿಡಿ. ನಡುಗೆರೆಯಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು ಸೇರಿಸುತ್ತಾ ಹೋಗುವುದು ನನ್ನ ಕ್ರಮ. ಒಂದೇ ಪಕ್ಕ ಮುಗಿಸಿದರೆ ಮುಖ ಓರೆಯಾಗುತ್ತದೆ. ಚಿಪ್ಪು ಮುಗಿದ ಕೂಡಲೇ ಕತ್ತಿನ ಬಾಯಿಗೂ ಕಣ್ಣಿನ ಕಿಂಡಿಗೂ ಅಡ್ಡಲಾಗಿ ರಟ್ಟಿನ ಪಟ್ಟಿ ಅಂಟಿಸಿ. ಒಳಪದರ ಒಣಗುವಾಗ ಅದು ಸೊಟ್ಟಗಾಗದಂತೆ ತಡೆಯುವುದು ಆ ಪಟ್ಟಿಯೇ.

ಒಳಪದರದ ವಿಚಾರಕ್ಕೆ ಬಂದಾಗ ನಾನು ಹಟಮಾರಿ. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ತೋರಿಸುವುದು ಪಾಲಿಯೆಸ್ಟರ್ ರೆಸಿನ್ ಬಳಿದು ಒಳಗೆ ಫೈಬರ್‌ಗ್ಲಾಸ್ ಹಾಸುವ ದಾರಿ. ಗಟ್ಟಿಯಾಗುತ್ತದೆ, ಸುಳ್ಳಲ್ಲ. ಆದರೆ ಆ ರೆಸಿನ್ನಿನಲ್ಲಿ ಸ್ಟೈರೀನ್ ಅನ್ನುವ ರಾಸಾಯನಿಕ ಇದೆ. ಅದರ ಆವಿ ಕಣ್ಣು ಗಂಟಲು ಸುಡುತ್ತದೆ, ತಲೆ ತಿರುಗಿಸುತ್ತದೆ. ಬಟ್ಟೆಯ ಮಾಸ್ಕು ಅದನ್ನು ತಡೆಯಲಾರದು, ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡ ಬೇಕು. ನಮ್ಮಲ್ಲಿ ಬಿಡಿಯಾಗಿ ಸಿಗುವ ರೆಸಿನ್ನಿಗೆ, ಅದು ಗಟ್ಟಿಯಾಗಲೆಂದು ಬೆರೆಸಲು, ಕೋಬಾಲ್ಟ್ ಮತ್ತು ಎಂಇಕೆಪಿ ಅಂತ ಎರಡು ಸೀಸೆ ಬೇರೆ ಕೊಡುವುದುಂಟು. ಆ ಎರಡನ್ನು ನೇರವಾಗಿ ಒಂದರಲ್ಲೊಂದು ಬೆರೆಸಿದರೆ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಇನ್ನೊಂದು. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಒಂದು ರೂಮು ಕಿಚನ್ನಿನ ಮನೆಯಲ್ಲಿ, ಅಜ್ಜಿ ಮಲಗಿರುವ ಕೋಣೆಯ ಪಕ್ಕ, ಚಾಳಿನ ಗ್ಯಾಲರಿಯಲ್ಲಿ ಇದನ್ನು ಮಾಡಬೇಡಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹದಿನಾಲ್ಕು ವರ್ಷದ ಮಗುವಿಗಂತೂ ಖಂಡಿತ ಬೇಡ.

ಅದಿಲ್ಲದೆಯೂ ಆಗುತ್ತದೆ. ಮರಗೆಲಸದವರು ಬಳಸುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅದರಲ್ಲಿ ನೀರಿಲ್ಲದ್ದರಿಂದ ಕಾಗದ ಅಲೆಯಾಗುವುದಿಲ್ಲ, ಒಣಗುವುದೂ ಬೇಗ. ಹೊರಗೆ ಎರಡು ಕೈ, ಒಳಗೆ ತೆಳುವಾಗಿ ಒಂದು ಕೈ ಬಳಿಯಿರಿ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ, ದೇವರ ದೀಪ ಹತ್ತಿರ ಇರಬಾರದು. ಅದು ಒಣಗಿದ ಮೇಲೆ ಹಳೆ ಹತ್ತಿ ಪಂಚೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ತುಸು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಹಿಂಡಿ, ಒಳಮೈಗೆ ಒತ್ತುತ್ತಾ ಹೋಗಿ. ಒಂದು ಪದರ ಪೂರ್ತಿ ಒಣಗಲಿ, ಮುಂದಿನದು ಅದಕ್ಕೆ ಅಡ್ಡಲಾಗಿ. ಮೂರು ಪದರ ಆದಾಗ ನೀವೇ ತಟ್ಟಿ ನೋಡಿ, ಕಾಗದದ ಸದ್ದು ಹೋಗಿ ತೆಳು ಹಲಗೆಯ ಸದ್ದು ಬರುತ್ತದೆ. ಮಹಾರಾಷ್ಟ್ರದಲ್ಲಿ 2018ರಲ್ಲಿ ಥರ್ಮೋಕೋಲ್ ನಿಷೇಧವಾದ ಮೇಲೆ ಗಣಪತಿಯ ಮಖರಗಳನ್ನು (ಅಲಂಕಾರದ ಮಂಟಪಗಳನ್ನು) ರಟ್ಟು, ಕಾಗದದಲ್ಲೇ ಮಾಡಿ ಮಾರುವವರು ಹೆಚ್ಚಿದ್ದಾರೆ. ಹಬ್ಬಕ್ಕೆ ಮುಂಚೆ ದಾದರ್ ಕಡೆ ಹೋದರೆ ನಿಂತು ನೋಡಿ. ಕಾಗದಕ್ಕೆ ಬೆನ್ನೆಲುಬು ಕೊಡುವುದು ಹೇಗೆಂದು ಆ ಕೈಗಳಿಂದ ಕಲಿಯುವುದು ಬಹಳ ಇದೆ.

ಕಾಲ ಮಾತ್ರ ನೋಡಿಕೊಳ್ಳಬೇಕು. ಮುಂಬಯಿಯ ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ನೂರಕ್ಕೆ 80ರ ಮೇಲೆಯೇ ಇರುತ್ತದೆ. ಕಾಗದದ ನಾರು ಆ ನೀರನ್ನು ಹೀರಿ ಹಿಗ್ಗುತ್ತದೆ, ಕತ್ತರಿಸಿಟ್ಟ ತುಂಡು ಬೆಳಗಾಗುವುದರಲ್ಲಿ ಸುರುಳಿಯಾಗಿರುತ್ತದೆ, ಫ್ರೆಂಚ್ ಪಾಲಿಶ್ ಬಿಳಿಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಾದರಿ ಹುಡುಕಿ, ಅಳತೆ ಮಾಡಿ. ಅಕ್ಟೋಬರಿನ ಬಿಸಿಲಿಗೆ ಕತ್ತರಿ ಹಿಡಿಯಿರಿ.

ಹೊರಮೈಯ ತ್ರಿಕೋನಗಳ ಅಂಚು ಕಾಣಬಾರದೆಂದರೆ ಫೆವಿಕಾಲಿಗೆ ಸೀಮೆಸುಣ್ಣದ ಪುಡಿ ಕಲಸಿ ತೆಳ್ಳಗೆ ಮೆತ್ತಿ, 120, 220, 400 ಹೀಗೆ ಪಾಲಿಶ್ ಪೇಪರಿನ (ಮರಳು ಕಾಗದದ) ನಂಬರ್ ಏರಿಸುತ್ತಾ ತಿಕ್ಕಿ. ಧೂಳಿಗೆ ಮಾಸ್ಕ್ ಹಾಕಿ. ಬಣ್ಣ ನಿಮ್ಮಿಷ್ಟ.

ತಲೆಯ ಮೇಲೆ ಅದು ಅಲ್ಲಾಡದೆ ಕೂರುವುದಕ್ಕೆ ನಾನು ಮಾದರಿಯಾಗಿ ಹಿಡಿಯುವುದು ಯಕ್ಷಗಾನವನ್ನು. ಮಾತುಂಗ, ಕುರ್ಲಾ ಕಡೆ ಕನ್ನಡಿಗರ ಸಭಾಗೃಹಗಳಲ್ಲಿ ಆಟವಿದ್ದಾಗ ಸಾಧ್ಯವಾದರೆ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ನೋಡಿ. ವೇಷಧಾರಿಗಳು ಮೊದಲು ತಲೆಗೆ ಬಟ್ಟೆ ಬಿಗಿದು, ಅದರ ಮೇಲೆ ಕಿರೀಟ ಕಟ್ಟುತ್ತಾರೆ; ರಾತ್ರಿಯಿಡೀ ಕುಣಿದರೂ ಅದು ಜಾರುವುದಿಲ್ಲ. ನಮ್ಮ ಹೆಲ್ಮೆಟ್ಟಿಗೂ ಒಳಗೆ ಎಲ್ಲೆಡೆ ಸ್ಪಂಜು ತುಂಬಬೇಕಾಗಿಲ್ಲ. ಹಣೆಗೆ, ನೆತ್ತಿಗೆ, ಹಿಂದಲೆಗೆ, ಕಿವಿಯ ಮೇಲ್ಗಡೆಗೆ ತುಂಡುಗಳನ್ನು ಇಟ್ಟು ನಡುವೆ ಗಾಳಿ ಆಡಲು ಬಿಡಿ. ತಲೆಗೊಂದು ಹತ್ತಿಯ ಬಟ್ಟೆ ಕಟ್ಟಿಕೊಂಡರೆ ಬೆವರು ಒಳಪದರಕ್ಕೆ ಇಳಿಯುವುದಿಲ್ಲ. ಬಾಯಿಯ ಹತ್ತಿರ ಗಾಳಿಯ ಕಿಂಡಿ ಇರಲೇಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ 5 ವೋಲ್ಟಿನ ಪುಟ್ಟ ಫ್ಯಾನ್ ಸಿಗುತ್ತದೆ, ಪವರ್ ಬ್ಯಾಂಕಿನಿಂದ ಓಡುತ್ತದೆ. ಕಣ್ಣಿನ ಹಾಳೆಗೆ ಆವಿ ಕೂರದಿರಲು ಅದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ. ಇದು ವೇಷದ ಹೆಲ್ಮೆಟ್. ಹಾಕಿಕೊಂಡು ಬೈಕ್ ಹತ್ತುವ ಯೋಚನೆಯನ್ನೂ ಮಾಡಬೇಡಿ.

ಕಾರ್ಯಕ್ರಮದ ದಿನ ಅದನ್ನು ಹಾಕಿಕೊಂಡು ಹೊರಡದೆ, ರಟ್ಟಿನ ಪೆಟ್ಟಿಯಲ್ಲಿ ಹಳೆ ಬಟ್ಟೆ ತುಂಬಿ ಇಟ್ಟುಕೊಂಡು, ಗರ್ದಿ ಇಳಿದ ಮೇಲಿನ ಲೋಕಲ್ ಹಿಡಿಯಿರಿ. ಒಳಗಿಂದ ಪಕ್ಕದ್ದೂ ಕಾಣುವುದಿಲ್ಲ, ಕಾಲಡಿಯದ್ದೂ ಕಾಣುವುದಿಲ್ಲ. ಆದ್ದರಿಂದ ಮೆಟ್ಟಿಲಿಳಿಯುವಾಗ ಕೈ ಹಿಡಿಯಲು ಅಣ್ಣನೋ ಗೆಳತಿಯೋ ಒಬ್ಬರು ಜೊತೆಗಿರಲಿ, ಅವರ ಚೀಲದಲ್ಲಿ ನೀರಿನ ಬಾಟಲಿ, ಒಂದು ಸ್ಟ್ರಾ, ಮತ್ತೆ ಕಿತ್ತ ಅಂಚು ಅಂಟಿಸಲು ಫೆವಿಕ್ವಿಕ್ ಇರಲಿ.