‘ದಿ ಬಕ್ ಸ್ಟಾಪ್ಸ್ ವಿತ್ ಮಿ’ ಎಂದು ಬರೆಯುವ ಮೊದಲು

ಹೊಸದಾಗಿ ಟೀಮ್ ಲೀಡ್ ಆದವರು ಬರೆಯುವ ಇಂಗ್ಲಿಷ್ ಮೇಲ್‌ಗಳ ಕರಡನ್ನು ತಿದ್ದಿಕೊಡುವುದು ನನ್ನ ಕೆಲಸದ ಒಂದು ಭಾಗ. ಈಗ ವ್ಯಾಕರಣದ ತಪ್ಪುಗಳನ್ನು ಕಂಪ್ಯೂಟರೇ ಹಿಡಿದು ಕೊಡುವುದರಿಂದ ಅವು ನನ್ನವರೆಗೆ ಬರುವುದು ಕಡಿಮೆ. ಬರುವುದು ನಾಯಕತ್ವಕ್ಕೆ ಸಂಬಂಧಿಸಿದ ನುಡಿಗಟ್ಟುಗಳ ತೊಡಕು. ಮೇಲಿನ ಹುದ್ದೆಗೆ ತಕ್ಕ ಮಾತು ಆಡಬೇಕೆಂಬ ಆಸೆಯಿಂದ ಎಲ್ಲಿಂದಲೋ ಹೆಕ್ಕಿ ತಂದ ಈ ಮಾತುಗಳು ಕೆಲವೊಮ್ಮೆ ಬರೆದವರ ಉದ್ದೇಶಕ್ಕೆ ತೀರ ವಿರುದ್ಧವಾದ ಅರ್ಥ ಕೊಟ್ಟು ಕೂತಿರುತ್ತವೆ. ಅಂಥವುಗಳಲ್ಲಿ ನಾನು ಹೆಚ್ಚು ಬಾರಿ ಕೆಂಪು ಗೆರೆ ಎಳೆದಿರುವುದು ‘ದಿ ಬಕ್ ಸ್ಟಾಪ್ಸ್ ಹಿಯರ್’ (ಕೊನೆಯ ಹೊಣೆ ನನ್ನದೇ) ಎಂಬುದಕ್ಕೆ ಮತ್ತು ಅದರ ಬೆನ್ನಿಗೇ ಇರುವ ‘ಪಾಸ್ ದಿ ಬಕ್’ ಎಂಬುದಕ್ಕೆ.

ಒಂದು ಕರಡಿನಲ್ಲಿ ‘ಐ ಆ್ಯಮ್ ಪಾಸಿಂಗ್ ದಿ ಬಕ್ ಟು ಅಕೌಂಟ್ಸ್ ಫಾರ್ ಫರ್ದರ್ ಆ್ಯಕ್ಷನ್’ ಎಂದಿತ್ತು. ಕಡತವನ್ನು ಮುಂದಿನ ಕ್ರಮಕ್ಕಾಗಿ ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಿದ್ದೇನೆ ಎಂದು ಹೇಳುವುದಷ್ಟೇ ಬರೆದವರ ಇಚ್ಛೆ. ಇಂಗ್ಲಿಷ್ ಬಲ್ಲವರಿಗೆ ಅದು ಕೇಳಿಸುವುದು ‘ಈ ತಲೆನೋವನ್ನು ಅಕೌಂಟ್ಸ್‌ನವರ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುತ್ತಿದ್ದೇನೆ’ ಎಂದು. ಆ ಮೇಲ್‌ನ ಪ್ರತಿ ಅಕೌಂಟ್ಸ್‌ನ ಮುಖ್ಯಸ್ಥರಿಗೂ ಹೋಗಬೇಕಿತ್ತು. ‘ಪಾಸ್ ದಿ ಬಕ್’ ಎಂಬುದಕ್ಕೆ ಒಳ್ಳೆಯ ಅರ್ಥವೇ ಇಲ್ಲ. ಅದು ಯಾವಾಗಲೂ ತನ್ನ ಹೊಣೆಯನ್ನು ಇನ್ನೊಬ್ಬರ ಮೇಲೆ ಜಾರಿಸುವ ದೂರಿನ ಮಾತು. ಕೆಲಸವನ್ನು ಕ್ರಮಪ್ರಕಾರ ವರ್ಗಾಯಿಸುವುದಾದರೆ ‘ಫಾರ್ವರ್ಡ್’ ಸಾಕು, ಹಂಚಿಕೊಡುವುದಾದರೆ ‘ಡೆಲಿಗೇಟ್’ ಸಾಕು. ನುಡಿಗಟ್ಟೇ ಬೇಕೆಂದರೆ ರಿಲೇ ಓಟದಿಂದ ಬಂದ ‘ಪಾಸ್ ದಿ ಬ್ಯಾಟನ್’ ಇದೆ, ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಇಲ್ಲಿನ ‘ಬಕ್’ ಡಾಲರಿಗೆ ಅಮೆರಿಕದವರು ಆಡುಮಾತಿನಲ್ಲಿ ಬಳಸುವ ‘ಬಕ್’ ಅಲ್ಲ. ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಅವರ ಮುಂದೆ ಒಂದು ಗುರುತನ್ನು ಇಡುವ ರೂಢಿಯಿತ್ತು. ಜಿಂಕೆಯ ಕೊಂಬಿನ ಹಿಡಿಯ ಚಾಕುವನ್ನು ಹಾಗೆ ಇಡುತ್ತಿದ್ದುದರಿಂದ ಗುರುತಿಗೆ ‘ಬಕ್’ (ಗಂಡು ಜಿಂಕೆ) ಎಂಬ ಹೆಸರು ಬಂತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಂಚಲು ಮನಸ್ಸಿಲ್ಲದವನು ಆ ಗುರುತನ್ನು ಪಕ್ಕದವನಿಗೆ ದಾಟಿಸಬಹುದಿತ್ತು. ಹೀಗೆ ಕೈಯಿಂದ ಕೈಗೆ ಸಾಗುವುದು ನನ್ನಲ್ಲಿಗೆ ಬಂದು ನಿಂತಿತು, ಇನ್ನು ಮುಂದಕ್ಕೆ ಹೋಗದು ಎಂಬುದೇ ‘ದಿ ಬಕ್ ಸ್ಟಾಪ್ಸ್ ಹಿಯರ್’.

ಈ ಮಾತನ್ನು ಜಗತ್ತಿಗೆ ಪರಿಚಯಿಸಿದ್ದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮೇಜಿನ ಮೇಲಿದ್ದ ಒಂದು ಪುಟ್ಟ ಫಲಕ. ಒಕ್ಲಹೋಮದ ಎಲ್ ರೀನೋದಲ್ಲಿದ್ದ ಫೆಡರಲ್ ಸುಧಾರಣಾಗೃಹದಲ್ಲಿ ಇಂಥದೇ ಫಲಕವನ್ನು ಕಂಡ ಅವರ ಸ್ನೇಹಿತರೊಬ್ಬರು ಅಲ್ಲಿಯೇ ಇನ್ನೊಂದನ್ನು ಮಾಡಿಸಿದರು. ಅದು 1945ರ ಅಕ್ಟೋಬರ್‌ನಲ್ಲಿ ಟ್ರೂಮನ್ ಅವರಿಗೆ ರವಾನೆಯಾಯಿತು. ಅಂದರೆ ಮಾತು ಅವರ ಫಲಕಕ್ಕಿಂತ ಹಳೆಯದು, ಅವರ ಸ್ವಂತದ್ದಲ್ಲ. ಫಲಕದ ಹಿಂಬದಿಯಲ್ಲಿ ‘ಐ ಆ್ಯಮ್ ಫ್ರಮ್ ಮಿಸೂರಿ’ ಎಂದಿದೆ: ಟ್ರೂಮನ್ ಅವರ ತವರು ರಾಜ್ಯವಾದ ಮಿಸೂರಿಯವರು ಕಣ್ಣಾರೆ ಕಾಣದೆ ಏನನ್ನೂ ನಂಬುವುದಿಲ್ಲ ಎಂಬ ಪ್ರತೀತಿಯ ಕಡೆಗೆ ಅದರ ಬೆರಳು. ಮುಂಬದಿಯಷ್ಟೇ ಪ್ರಸಿದ್ಧವಾದದ್ದು ನನಗೇನೋ ಅನ್ಯಾಯವೆನಿಸುತ್ತದೆ, ಏಕೆಂದರೆ ಹೊಣೆ ಹೊತ್ತವರಿಗೆ ಹಿಂಬದಿಯ ಮಾತೂ ಅಷ್ಟೇ ಬೇಕಾದದ್ದು.

ಆದರೆ ನನ್ನ ಪಾಠಕ್ಕೆ ಬೇಕಾದದ್ದು 1953ರ ಜನವರಿಯಲ್ಲಿ ಟ್ರೂಮನ್ ಮಾಡಿದ ಬೀಳ್ಕೊಡುಗೆ ಭಾಷಣ. ಅಧ್ಯಕ್ಷನಾದವನು, ಅವನು ಯಾರೇ ಆಗಿರಲಿ, ತೀರ್ಮಾನಿಸಲೇಬೇಕು, ಅದನ್ನು ಬೇರೆ ಯಾರಿಗೂ ದಾಟಿಸಲಾಗದು, ಅವನ ಪರವಾಗಿ ಮತ್ತೊಬ್ಬರು ತೀರ್ಮಾನಿಸಲಾರರು ಎಂಬುದು ಆ ಭಾಷಣದಲ್ಲಿ ಅವರು ಹೇಳಿದ್ದರ ತಾತ್ಪರ್ಯ. ಅಲ್ಲಿ ಒತ್ತು ಇರುವುದು ತೀರ್ಮಾನದ ಮೇಲೆ. ಕಚೇರಿಗಳಲ್ಲಿ ಮಾತ್ರ ಈ ನುಡಿಗಟ್ಟು ‘ಸಾರಿ’ ಎಂಬುದರ ಗಂಭೀರ ರೂಪವಾಗಿಬಿಟ್ಟಿದೆ. ಎಲ್ಲ ಕೆಟ್ಟ ಮೇಲೆ, ಕೊನೆಯ ಸಾಲಿನಲ್ಲಿ, ಸಹಿಗೆ ಮುಂಚೆ ಅದು ಬಂದು ಕೂರುತ್ತದೆ. ಅದನ್ನು ಓದಿದ ಗ್ರಾಹಕನಿಗೆ ಮುಂದೇನು ಎಂಬುದು ಮೊದಲಿನಷ್ಟೇ ಮಬ್ಬಾಗಿರುತ್ತದೆ.

ಇದನ್ನು ತಿದ್ದುವ ಬಗೆಯನ್ನು ಒಂದು ಕರಡಿನ ಮೂಲಕವೇ ತೋರಿಸುತ್ತೇನೆ. ಸಾಫ್ಟ್‌ವೇರ್‌ನ ಹೊಸ ಆವೃತ್ತಿಯೊಂದು ದೋಷದೊಡನೆ ಗ್ರಾಹಕರ ಕೈಸೇರಿತ್ತು. ಟೀಮ್ ಲೀಡ್ ಬರೆದ ವಾಕ್ಯ ‘ದಿ ಬಕ್ ಸ್ಟಾಪ್ಸ್ ವಿತ್ ದಿ ಟೆಸ್ಟಿಂಗ್ ಟೀಮ್’. ವ್ಯಾಕರಣದಲ್ಲಿ ಅದಕ್ಕೆ ಯಾವ ಕುಂದೂ ಇರಲಿಲ್ಲ. ಹೊಣೆ ನನ್ನದೆಂದು ಹೇಳಲೆಂದೇ ಹುಟ್ಟಿದ ಮಾತಿನಿಂದ ಹೊಣೆಯನ್ನು ಬೇರೆಯವರ ಕಡೆಗೆ ತಳ್ಳಲಾಗಿತ್ತು, ಅಷ್ಟೇ. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಬಿಡುಗಡೆಗೆ ಒಪ್ಪಿಗೆ ಕೊಟ್ಟವರು ಯಾರು?’ ತಾವೇ ಎಂದರು. ಹಾಗಾದರೆ ವಾಕ್ಯ ‘ಐ ಅಪ್ರೂವ್ಡ್ ದಿಸ್ ರಿಲೀಸ್, ಸೋ ದಿ ಬಕ್ ಸ್ಟಾಪ್ಸ್ ವಿತ್ ಮಿ’ ಎಂದಾಗಬೇಕು. ಬಿಡುಗಡೆಗೆ ಒಪ್ಪಿದವನು ನಾನು ಎಂಬ ಮೊದಲರ್ಧವೇ ಎರಡನೆಯ ಅರ್ಧಕ್ಕೆ ಆಧಾರ. ಅದಿಲ್ಲದಿದ್ದರೆ ಮಾತು ವೇದಿಕೆಯ ಭಾಷಣದಂತೆ ಕೇಳುತ್ತದೆ. ಅದರ ಹಿಂದೆಯೇ ಇನ್ನೊಂದು ವಾಕ್ಯ ಸೇರಿಸಿದೆವು: ‘ಐ ಹ್ಯಾವ್ ಡಿಸೈಡೆಡ್ ಟು ರೋಲ್ ಇಟ್ ಬ್ಯಾಕ್ ಟುನೈಟ್.’ ಇಂದು ರಾತ್ರಿಯೇ ಹಳೆಯ ಆವೃತ್ತಿಗೆ ಮರಳುತ್ತೇವೆ ಎಂಬ ಈ ತೀರ್ಮಾನ ಬಂದ ಮೇಲೆಯೇ ಹಿಂದಿನ ವಾಕ್ಯಕ್ಕೆ ತೂಕ ಬಂದದ್ದು. ಟೆಸ್ಟಿಂಗ್ ವಿಭಾಗದಲ್ಲಿ ಏನು ತಪ್ಪಿತೆಂಬುದು ಒಳಗಿನ ಸಭೆಯಲ್ಲಿ ಮಾತಾಡುವ ವಿಷಯ, ಗ್ರಾಹಕನಿಗೆ ಬರೆಯುವುದಲ್ಲ.

ಹಾಗೆಂದು ಈ ಮಾತನ್ನು ಬೇರೆಯವರ ಬಗ್ಗೆ ಬಳಸಲೇಬಾರದೆಂದಿಲ್ಲ. ಯಾರ ಬಗ್ಗೆ ಎನ್ನುವುದರ ಜೊತೆಗೆ ಯಾವಾಗ ಎನ್ನುವುದೂ ಮುಖ್ಯ. ಯೋಜನೆಯ ಆರಂಭದಲ್ಲಿ ‘ಆನ್ ಬಜೆಟ್ ಮ್ಯಾಟರ್ಸ್, ದಿ ಬಕ್ ಸ್ಟಾಪ್ಸ್ ವಿತ್ ದಿ ಪ್ರಾಜೆಕ್ಟ್ ಮ್ಯಾನೇಜರ್’ ಎಂದರೆ ಅದು ವ್ಯವಸ್ಥೆಯ ವಿವರಣೆ: ಖರ್ಚಿನ ವಿಷಯದಲ್ಲಿ ಕೊನೆಯ ಮಾತು ಅವರದು. ಅದೇ ವಾಕ್ಯವನ್ನು ಖರ್ಚು ಕೈಮೀರಿದ ಮರುದಿನ ಬರೆದರೆ ಅದು ಬೆರಳು ತೋರಿಸಿದಂತೆ. ‘ದಿ ಬಕ್ ಸ್ಟಾಪ್ಸ್ ವಿತ್ ಯು’ ಎಂದು ಕೈಕೆಳಗಿನವರಿಗೆ ಬರೆಯುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ರಜೆ ಮಂಜೂರು ಮಾಡುವ, ಖರ್ಚಿಗೆ ಸಹಿ ಹಾಕುವ, ಗ್ರಾಹಕನಿಗೆ ‘ಆಗುವುದಿಲ್ಲ’ ಎನ್ನುವ ಅಧಿಕಾರ ಯಾವುದನ್ನೂ ಕೊಡದೆ ಹೊಣೆಯನ್ನು ಮಾತ್ರ ಅವರಲ್ಲಿ ನಿಲ್ಲಿಸಿದರೆ, ನಿಲ್ಲಿಸಿದವರೇ ಬಕ್ಕನ್ನು ದಾಟಿಸಿದ ಹಾಗಾಯಿತು. ಇಂಥ ಮೇಲ್ ಕಂಡಾಗ ನಾನು ಭಾಷೆ ತಿದ್ದುವ ಮೊದಲು ಬರೆದವರಿಗೆ ಫೋನ್ ಮಾಡುತ್ತೇನೆ.

ವ್ಯಾಕರಣದ ವಿಷಯ ಚಿಕ್ಕದು. ಈ ಮಾತು ಹೆಚ್ಚಾಗಿ ಸಾಮಾನ್ಯ ವರ್ತಮಾನದಲ್ಲಿಯೇ ನಿಲ್ಲುತ್ತದೆ. ‘ದಿ ಬಕ್ ಈಸ್ ಸ್ಟಾಪಿಂಗ್’ ಎಂದಾಗಲಿ, ‘ಮೈ ಬಕ್’ ಎಂದಾಗಲಿ ಯಾರೂ ಬರೆಯುವುದಿಲ್ಲ. ವ್ಯಕ್ತಿಯ ಹೆಸರು ಬಂದರೆ ‘ವಿತ್’ ಬೇಕು, ಬಾರದಿದ್ದರೆ ‘ಹಿಯರ್’. ಎರಡನ್ನೂ ಒಟ್ಟಿಗೆ ಸೇರಿಸಿ ‘ಸ್ಟಾಪ್ಸ್ ಹಿಯರ್ ವಿತ್ ಮಿ’ ಎನ್ನುವವರಿದ್ದಾರೆ. ಅದು ತಪ್ಪಲ್ಲವಾದರೂ ನಾಟಕೀಯ, ಆದ್ದರಿಂದ ನಾನು ‘ಹಿಯರ್’ ತೆಗೆದುಹಾಕುತ್ತೇನೆ.

ಓದುವವರು ಯಾರೆಂಬುದನ್ನೂ ನೋಡಬೇಕಾಗುತ್ತದೆ. ನಮ್ಮ ಮೇಲ್‌ಗಳಲ್ಲಿ ಅನೇಕವು ಹೋಗುವುದು ಇಂಗ್ಲಿಷನ್ನು ನಮ್ಮಂತೆಯೇ ಕಲಿತು ಬಳಸುವವರಿಗೆ. ಅವರಲ್ಲಿ ಒಬ್ಬರು ‘ಬಕ್’ ಎಂಬುದನ್ನು ಡಾಲರೆಂದೇ ತಿಳಿದು, ಹಣ ಪಾವತಿ ನಿಂತುಹೋಗಿದೆಯೇ ಎಂದು ಮರುಮೇಲ್ ಕಳುಹಿಸಿದ್ದುಂಟು. ಅಂದಿನಿಂದ ಅಂಥ ಓದುಗರಿಗೆ ಹೋಗುವ ಕರಡುಗಳಲ್ಲಿ ಈ ನುಡಿಗಟ್ಟನ್ನು ಹೊಡೆದುಹಾಕಿ, ‘ಐ ಆ್ಯಮ್ ರೆಸ್ಪಾನ್ಸಿಬಲ್ ಫಾರ್ ದಿಸ್. ಐ ವಿಲ್ ಗಿವ್ ಯು ಮೈ ಡಿಸಿಷನ್ ಬೈ ಥರ್ಸ್‌ಡೇ’ ಎಂದು ಬರೆಸುತ್ತೇನೆ. ಗುರುವಾರ ಬೆಳಿಗ್ಗೆ ಆ ಟೀಮ್ ಲೀಡ್‌ಗೆ ನೆನಪಿಸುವ ಕೆಲಸವೂ ಹೆಚ್ಚಾಗಿ ನನ್ನದೇ.