ತಾಳ ತಪ್ಪಿದ ಲೂಪ್: ಮಾಡ್‌ನ ಸಂಗೀತ ಎಲ್ಲಿಗೆ ಬಂತು

ಕೊನೆಗೂ ಲೂಪ್ ಕೂತಿತು, ಅಂದರೆ ಮುಗಿದ ಸಂಗೀತ ಸಂದು ಕಾಣದಂತೆ ತಿರುಗಿ ಶುರುವಾಗುತ್ತಿದೆ. ನಿನ್ನೆ ರಾತ್ರಿ ನನ್ನ ಮಾಡ್‌ನ (ವಿಡಿಯೋ ಗೇಮ್ ಒಂದಕ್ಕೆ ನಾನೇ ಕಟ್ಟುತ್ತಿರುವ ಮಾರ್ಪಾಡು) ಕಾಳಗದ ಟ್ರ್ಯಾಕನ್ನು ನಲವತ್ತು ನಿಮಿಷ ಓಡಲು ಬಿಟ್ಟು, ಹೆಡ್‌ಫೋನ್ ಹಾಕಿಕೊಂಡು ಗೋಡೆ ನೋಡುತ್ತ ಕೂತಿದ್ದೆ. ಹೊಲಿಗೆ ಎಲ್ಲಿದೆಯೆಂದು ನನಗೇ ತಿಳಿಯಲಿಲ್ಲ. ನನ್ನ ತಲೆಯ ಹೊಲಿಗೆಯೇ ಬಿಚ್ಚಿದೆಯೆಂಬ ಅನುಮಾನ ಮನೆಯವರಿಗೆ.

ಮ್ಯಾಪ್, ಸ್ಪ್ರೈಟ್ (ಪಾತ್ರಗಳ ಚಿತ್ರ), ಸಂಭಾಷಣೆಗಳ ಕಥೆ ಬೇಡ, ಅವು ಹೋದ ತಿಂಗಳೇ ಮುಗಿದವು. ಸಂಗೀತ ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ತಿಂದುಹಾಕಿತು.

ಮೊದಲು ಹಾಕಿದ್ದು ಎಂಪಿ3. ಎಲ್ಲ ಕಡೆ ಓಡುತ್ತದೆ, ಪೇಟೆಂಟ್ ಲೈಸೆನ್ಸಿನ ತಕರಾರೂ 2017ಕ್ಕೆ ಮುಗಿದಿದೆ. ಆದರೆ ಟ್ರ್ಯಾಕ್ ತಿರುಗಿ ಶುರುವಾದಾಗಲೆಲ್ಲ ಒಂದು ಬಿಕ್ಕಳಿಕೆ. ಎಂಪಿ3 ಸದ್ದಿನ ಅಳತೆಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, 1152ರ ಕಟ್ಟು ಕಟ್ಟಿ ಫ್ರೇಮ್ ಲೆಕ್ಕದಲ್ಲೇ ನಡೆಯುವುದು. ಕೊನೆಯ ಫ್ರೇಮ್ ತುಂಬದಿದ್ದರೆ ಉಳಿದದ್ದಕ್ಕೆ ಮೌನ ಸುರಿಯುತ್ತದೆ. ಮುಂದುಗಡೆ ಲೇಮ್ ಎನ್‌ಕೋಡರಿನ (ಎಂಪಿ3 ತಯಾರಿಸುವ ತಂತ್ರಾಂಶ) 576, ಅದನ್ನು ಬಿಚ್ಚಿ ನುಡಿಸುವ ಡಿಕೋಡರಿನ 529, ಒಟ್ಟು 1105 ಸ್ಯಾಂಪಲ್ ತಡ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ ಅದು 25 ಮಿಲಿಸೆಕೆಂಡ್. ಎಷ್ಟು ಕತ್ತರಿಸಬೇಕೆಂದು ಲೇಮ್ ಫೈಲಿನ ತಲೆಭಾಗದಲ್ಲೇ ಬರೆದಿಡುತ್ತದೆ. ಆಟ ಓಡಿಸುವ ನನ್ನ ಎಂಜಿನ್ ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ.

ಏನನ್ನೂ ಕುಗ್ಗಿಸದ ವೇವ್ ಫೈಲ್ ಹಾಕೋಣವೆಂದರೆ ನಿಮಿಷಕ್ಕೆ 10 ಎಂಬಿ; 18 ಟ್ರ್ಯಾಕ್ ಸೇರಿದರೆ ಮಾಡ್‌ಗಿಂತ ಸಂಗೀತವೇ ದಪ್ಪ. ಸರಿ, ಎಂಪಿ3ಯಂತೆ ಕುಗ್ಗಿಸುವ ಇನ್ನೊಂದು ಫಾರ್ಮ್ಯಾಟ್, ಓಗ್ ವೋರ್ಬಿಸ್. ಅದು ಕೊನೆಯ ಸ್ಯಾಂಪಲ್‌ವರೆಗೆ ಲೆಕ್ಕ ಇಟ್ಟಿರುತ್ತದೆ. ಆದರೆ ನಾನು ಸೋಮಾರಿ, ಇದ್ದ ಎಂಪಿ3ಯನ್ನೇ ಓಗ್ ಮಾಡಿದೆ. ಬಿಕ್ಕಳಿಕೆಯೂ ನಿಷ್ಠೆಯಿಂದ ಜೊತೆಗೆ ಬಂತು. ಮತ್ತೆ ಮೂಲ ಪ್ರಾಜೆಕ್ಟ್ ತೆರೆದು ಎಕ್ಸ್‌ಪೋರ್ಟ್ ಮಾಡಬೇಕಾಯಿತು.

ತೆರೆದಾಗ ಇನ್ನೊಂದು ಹೊಟ್ಟೆಯುರಿ. ‘ಲಾಸ್‌ಲೆಸ್ (ಏನೂ ಕಳೆಯದ) ವೇವ್’ ಎಂದು ದುಡ್ಡು ಕೊಟ್ಟು ತಂದ ಡ್ರಮ್ ಪ್ಯಾಕನ್ನು ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಸದ್ದಿನ ಕಂಪನಾಂಕಗಳ ಚಿತ್ರ) ನೋಡಿದರೆ 16 ಕಿಲೋಹರ್ಟ್ಸ್ ಮೇಲೆ ಕತ್ತಿಯಲ್ಲಿ ಕೊಯ್ದ ಹಾಗೆ ಖಾಲಿ. ಹೀಗೆ ಮೇಲಿನದನ್ನು ಕೊಯ್ಯುವುದು ಎಂಪಿ3; ಅದಕ್ಕೆ ವೇವ್ ಅಂಗಿ ತೊಡಿಸಿ ಮಾರಿದ್ದಾರೆ. ಕೇಳಿದರೆ ‘ನಿಮ್ಮ ಸ್ಪೀಕರ್ ಪರೀಕ್ಷಿಸಿ’ ಅಂತ ಉತ್ತರ. ಕಣ್ಣಿಗೆ ಕಂಡದ್ದಕ್ಕೆ ಸ್ಪೀಕರ್ ಏನು ಮಾಡೀತು!

ಇನ್ನು ನಿಜವಾದ ಪೀಡೆ. ಕಾಳಗದ ಟ್ರ್ಯಾಕಿಗೆ 12 ಸೆಕೆಂಡಿನ ಪೀಠಿಕೆ ಇದೆ, ಅದು ಒಮ್ಮೆ ಮಾತ್ರ ಬರಬೇಕು; ಆಮೇಲಿನ 64 ಸೆಕೆಂಡ್ ಸುತ್ತುತ್ತಿರಬೇಕು. ಎಂಜಿನ್, ಆಟ ಕಟ್ಟುವ ತಂತ್ರಾಂಶ ಆರ್‌ಪಿಜಿ ಮೇಕರ್ ಥರ, ಸುತ್ತು ಎಲ್ಲಿಂದ, ಎಷ್ಟುದ್ದ ಎಂದು ಹೇಳುವ ಲೂಪ್‌ಸ್ಟಾರ್ಟ್, ಲೂಪ್‌ಲೆಂತ್ ಟ್ಯಾಗ್ ಓದುತ್ತದೆ. 12 ಮತ್ತು 64 ಸೆಕೆಂಡನ್ನು 44,100ರಿಂದ ಗುಣಿಸಿ 529200, 2822400 ಎಂದು ಬರೆದೆ. ಬಿಕ್ಕಳಿಕೆ ಹೋಯಿತು, ತಾಳ ತಪ್ಪಿತು. ಸುತ್ತು ತಿರುಗುವಾಗ ಡ್ರಮ್ ಎಡವಿ ಬೀಳುತ್ತಿತ್ತು. ಬೇರೆ ಟ್ರ್ಯಾಕ್‌ಗಳೆಲ್ಲ ಸರಿ, ಇದೊಂದೇ ಹೀಗೆ. ಕತ್ತರಿಸಿದೆ, ಸರಿಸಿದೆ, ಡ್ರಮ್ಮನ್ನೇ ಮತ್ತೆ ಬರೆದೆ, ಎಂಜಿನ್ನಿಗೆ ಬೈದೆ. ಹತ್ತು ದಿನದಲ್ಲಿ ತಾಳ್ಮೆಯೂ ತಪ್ಪಿತು.

ಫೈಲಿನ ವಿವರ ತೆರೆದು ನೋಡಿದ್ದು ಹನ್ನೊಂದನೇ ದಿನ. ಸ್ಯಾಂಪಲ್ ದರ 48,000! ಹಿಂದೆಂದೋ ಒಂದು ವಿಡಿಯೋಗಾಗಿ ಬದಲಿಸಿದ್ದ ಸೆಟ್ಟಿಂಗ್ ಆ ಪ್ರಾಜೆಕ್ಟಿನಲ್ಲಿ ಹಾಗೇ ಕೂತಿತ್ತು. ಟ್ಯಾಗಿನಲ್ಲಿರುವುದು ಸ್ಯಾಂಪಲ್ ಎಣಿಕೆ, ಸೆಕೆಂಡಲ್ಲ. ನನ್ನ 64 ಸೆಕೆಂಡ್ ಅಲ್ಲಿ 58.8 ಆಗಿತ್ತು. ನಿಮಿಷಕ್ಕೆ 120 ಬೀಟ್ ಹಿಡಿದರೆ 117.6 ಬೀಟ್. ಆ .6ರ ಮೇಲೆ ಯಾವ ಡ್ರಮ್ಮರ್ ನಿಂತಾನು? 44,100ಕ್ಕೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ, ಐದು ನಿಮಿಷ ಹಿಡಿಯಿತು. ಇನ್ನೊಂದು ಫಾರ್ಮ್ಯಾಟ್ ಓಪಸ್ ಯಾಕಲ್ಲ ಅನ್ನುವವರಿಗೆ: ಅದು ಒಳಗೆ ಏನು ಕೊಟ್ಟರೂ 48,000ಕ್ಕೇ ಎಳೆಯುತ್ತದೆ. ಆ ಸಂಖ್ಯೆಯ ಮುಖ ಸದ್ಯಕ್ಕೆ ನೋಡಲಾರೆ.

ಈ ಗೋಳಿನ ನಡುವೆ ಒಂದು ಆಸೆ ಹುಟ್ಟಿದೆ. ಮುಂದಿನ ಮಾಡ್‌ಗೆ ಟ್ರ್ಯಾಕರ್ ಸಂಗೀತ, ಅಂದರೆ ಇಡೀ ರೆಕಾರ್ಡಿಂಗ್ ಬದಲು ಪುಟ್ಟ ಧ್ವನಿ ತುಣುಕುಗಳು, ಅವನ್ನು ಯಾವಾಗ ನುಡಿಸಬೇಕೆಂಬ ಪಟ್ಟಿಗಳು (ಪ್ಯಾಟರ್ನ್). ಅಂಥ ಸಂಗೀತದ ಎಕ್ಸ್‌ಎಂ ಫೈಲಿನಲ್ಲಿ ಮತ್ತೆ ಎಲ್ಲಿಂದ ಶುರು ಅನ್ನುವುದು ಹೆಡರಿನಲ್ಲೇ ಇರುತ್ತದೆ, ಪ್ಯಾಟರ್ನ್ ಲೆಕ್ಕದಲ್ಲಿ. 1987ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ನಾಲ್ಕು ಚಾನೆಲ್ (ಒಟ್ಟಿಗೆ ನುಡಿಯುವ ಧ್ವನಿ ಸಾಲು) ಇಟ್ಟುಕೊಂಡು ಆಟಗಳಿಗೆ ಸಂಗೀತ ಕಟ್ಟುತ್ತಿದ್ದರು. ನನಗೆ ಎಂಟು ಸಾಕು. ಟೈಟಲ್ ಟ್ರ್ಯಾಕಿನ ಬೇಸ್‌ಲೈನ್ ಆಗಲೇ ಹಾಕಿಬಿಟ್ಟೆ, ಇದು ಮುಗಿಯದೆ ಮುಟ್ಟಬಾರದೆಂದು ಅಂದುಕೊಂಡಿದ್ದರೂ.

ಸದ್ಯ 18ರಲ್ಲಿ 7 ಟ್ರ್ಯಾಕ್ ಸಿದ್ಧ. ಎಂಟನೆಯದು ಮಳೆಯ ದೃಶ್ಯದ್ದು. ಅದರ ಪ್ರಾಜೆಕ್ಟ್ ಫೈಲ್ ಎಲ್ಲೂ ಸಿಗುತ್ತಿಲ್ಲ. ಎಂಪಿ3 ಒಂದಿದೆ.